ನೀರಿನ ತಾಪ, ಗಾಜಿನ ತಾಪ, ಗಾಜಿನ ಮೇಲೆ ಬರೆದ ತಾಪ

ಈ ಮೇಜಿನ ಮೇಲಿರುವುದು 100 ಮಿಲಿಲೀಟರಿನ, ಬೋರೊಸಿಲಿಕೇಟ್ ಗಾಜಿನ, 'ಎ' ದರ್ಜೆಯ ಒಂದು ಫ್ಲಾಸ್ಕು. ಅದರ ಮೈಮೇಲೆ 20 ಡಿಗ್ರಿ ಸೆಲ್ಸಿಯಸ್ ಎಂದೂ, ಅನುಮತಿತ ದೋಷ 0.10 ಮಿಲಿಲೀಟರ್ ಎಂದೂ ಬರೆದಿದೆ. ಇದನ್ನು ಖಾಲಿಯಾಗಿ ತೂಗಿ, ಗೆರೆಯವರೆಗೆ ಶುದ್ಧ ನೀರು ತುಂಬಿ ಮತ್ತೆ ತೂಗಿದರೆ, ಬೆಂಗಳೂರಿನಲ್ಲಿ, ನೀರು 27 ಡಿಗ್ರಿಯಲ್ಲಿದ್ದಾಗ, ಎರಡು ತೂಕಗಳ ವ್ಯತ್ಯಾಸ 99.520 ಗ್ರಾಂ ಎಂದು ತಕ್ಕಡಿ ತೋರಿಸಿತು ಎಂದಿಟ್ಟುಕೊಳ್ಳಿ. ಈ ಫ್ಲಾಸ್ಕಿನ ಗಾತ್ರ ಎಷ್ಟು? ಒಂದು ಗ್ರಾಂ ನೀರೆಂದರೆ ಒಂದು ಮಿಲಿಲೀಟರ್ ಎಂದು ಶಾಲೆಯಲ್ಲಿ ಕಲಿತದ್ದನ್ನು ನಂಬಿದರೆ ಫ್ಲಾಸ್ಕು ಅರ್ಧ ಮಿಲಿಲೀಟರಿನಷ್ಟು ಕಡಿಮೆಯಿದೆ, ತಿರಸ್ಕರಿಸಬೇಕು. ಗೋಡೆಗೆ ಅಂಟಿಸಿರುವ ಕೋಷ್ಟಕದಿಂದ ಗ್ರಾಮನ್ನು ಮಿಲಿಲೀಟರಿಗೆ ಪರಿವರ್ತಿಸುವ 20 ಡಿಗ್ರಿಯ ಗುಣಕವಾದ 1.00285 ಅನ್ನು ತೆಗೆದು ಗುಣಿಸಿದರೆ 99.804 ಬರುತ್ತದೆ, ಆಗಲೂ ತಿರಸ್ಕರಿಸಬೇಕು. ಆದರೆ ಈ ಫ್ಲಾಸ್ಕು ಸರಿಯಾಗಿಯೇ ಇದೆ. ಅದು ಹೇಗೆ ಸರಿ ಎಂಬುದನ್ನು ಲೆಕ್ಕ ಹಾಕಿ ತೋರಿಸುವುದು ನನ್ನ ಉಪನ್ಯಾಸದ ಮೊದಲ ಭಾಗ. ಲೆಕ್ಕ ಸರಿಯಾಗಿದ್ದರೂ ಫಲಿತಾಂಶ ತಪ್ಪಾಗುವುದು ಎಲ್ಲಿ ಎಂಬುದು ಎರಡನೆಯ ಭಾಗ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು.

ನಿಮ್ಮಲ್ಲಿ ಕೆಲವರು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಗಳಿಂದ, ಕೆಲವರು ಔಷಧ ಕಾರ್ಖಾನೆಗಳ ಗುಣಮಟ್ಟ ವಿಭಾಗಗಳಿಂದ, ಇನ್ನು ಕೆಲವರು ತೂಕ ಮತ್ತು ಅಳತೆಗಳ ಪರಿಶೀಲನೆಯ ಕೆಲಸದಿಂದ ಬಂದಿದ್ದೀರಿ. ಉಪಕರಣಗಳು ಬೇರೆಬೇರೆಯಾದರೂ ತಾಪಮಾನದ ಪ್ರಶ್ನೆ ಎಲ್ಲರಿಗೂ ಒಂದೇ ರೂಪದಲ್ಲಿ ಎದುರಾಗುತ್ತದೆ. ಅಳೆಯುವ ದ್ರವಕ್ಕೆ ಒಂದು ತಾಪಮಾನವಿದೆ. ಪಾತ್ರೆಗೆ ಒಂದು ತಾಪಮಾನವಿದೆ. ಯಾವ ತಾಪಮಾನದಲ್ಲಿ ಈ ಪಾತ್ರೆಯ ಗಾತ್ರವನ್ನು ಘೋಷಿಸುತ್ತೇವೆ ಎಂಬ, ಪಾತ್ರೆಯ ಮೇಲೆ ಕೆತ್ತಿದ ಮೂರನೆಯ ತಾಪಮಾನವೊಂದಿದೆ. ಮೊದಲ ಎರಡನ್ನು ನಾವು ಅಳೆಯಬೇಕು. ಮೂರನೆಯದು ಒಪ್ಪಂದ, ಅದನ್ನು ಅಳೆಯುವಂತಿಲ್ಲ. ಈ ಮೂರನ್ನೂ ಒಂದೇ ಎಂದು ಭಾವಿಸಿ 'ಕೋಣೆಯ ತಾಪಮಾನ' ಎಂಬ ಒಂದೇ ಖಾನೆಯಲ್ಲಿ ಬರೆದುಬಿಡುವ ನಮೂನೆಗಳನ್ನು ನಾನು ಬಹಳಷ್ಟು ನೋಡಿದ್ದೇನೆ.

ನೀರಿನಿಂದ ಆರಂಭಿಸೋಣ. ನೀರಿನ ಸಾಂದ್ರತೆ ಸುಮಾರು 4 ಡಿಗ್ರಿಯಲ್ಲಿ ಅತಿ ಹೆಚ್ಚು. ಅಲ್ಲಿ ಅದು ಮಿಲಿಲೀಟರಿಗೆ 0.99997 ಗ್ರಾಂ. 20 ಡಿಗ್ರಿಯಲ್ಲಿ 0.998207, 27ರಲ್ಲಿ 0.996516, 30ರಲ್ಲಿ 0.995649. ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು ಇಳಿಕೆಯ ವೇಗ. 20 ಡಿಗ್ರಿಯ ಹತ್ತಿರ ಒಂದು ಡಿಗ್ರಿಗೆ ಹತ್ತು ಸಾವಿರದಲ್ಲಿ ಎರಡು ಪಾಲು ಇಳಿಯುವ ಸಾಂದ್ರತೆ, 27ರ ಹತ್ತಿರ ಬರುವಾಗ ಹತ್ತು ಸಾವಿರದಲ್ಲಿ 2.7 ಪಾಲು ಇಳಿಯುತ್ತದೆ. ಅಂದರೆ ತಾಪಮಾನ ಅಳೆಯುವುದರಲ್ಲಿ ಆಗುವ ಅಷ್ಟೇ ತಪ್ಪಿಗೆ ಯುರೋಪಿನ ತಂಪು ಪ್ರಯೋಗಾಲಯಕ್ಕಿಂತ ನಮ್ಮ ಪ್ರಯೋಗಾಲಯ ಹೆಚ್ಚು ದಂಡ ತೆರುತ್ತದೆ. ಈ ಸಾಂದ್ರತೆಯ ಮೌಲ್ಯಗಳನ್ನು ನಾವು ಅಳೆಯಬೇಕಾಗಿಲ್ಲ. 2001ರಲ್ಲಿ ಟನಾಕ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರ 0ಯಿಂದ 40 ಡಿಗ್ರಿಯವರೆಗೆ ನಮಗೆ ಬೇಕಾದುದಕ್ಕಿಂತ ಬಹಳ ಹೆಚ್ಚಿನ ನಿಖರತೆಯಲ್ಲಿ ಅವುಗಳನ್ನು ಕೊಡುತ್ತದೆ. ನೀರಿನಲ್ಲಿ ಕರಗಿರುವ ಗಾಳಿಯ ಪರಿಣಾಮ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ನಮ್ಮ ಫ್ಲಾಸ್ಕಿನ ಮಟ್ಟದಲ್ಲಿ ಅದನ್ನು ಮರೆಯಬಹುದು.

ಇಲ್ಲಿ ಸ್ವಲ್ಪ ಚರಿತ್ರೆಗೆ ಹೊರಳುತ್ತೇನೆ, ಏಕೆಂದರೆ ಒಂದು ಗ್ರಾಂ ಒಂದು ಮಿಲಿಲೀಟರ್ ಎಂಬ ನಮ್ಮ ನಂಬಿಕೆಯ ಬೇರು ಅಲ್ಲಿದೆ. ಫ್ರಾನ್ಸಿನಲ್ಲಿ 1795ರ ಕಾನೂನು ಗ್ರಾಮನ್ನು ಕರಗುತ್ತಿರುವ ಮಂಜುಗಡ್ಡೆಯ ತಾಪದಲ್ಲಿರುವ ನೀರಿನ ಮೂಲಕ ಹೇಳಿತ್ತು. ಕೆಲಸಕ್ಕೆ ಇಳಿದ ಲೆಫೆವ್ರ್-ಜಿನೊ ಮತ್ತು ಫಬ್ರೋನಿ, ನೀರಿನ ಸಾಂದ್ರತೆ ಗರಿಷ್ಠವಾಗಿರುವ ತಾಪವನ್ನು ಆರಿಸಿಕೊಂಡರು. 1799ರ ಕಿಲೋಗ್ರಾಂ ಹಾಗೆ ಸಿದ್ಧವಾಯಿತು. ಆ ಆಯ್ಕೆಯ ಜಾಣತನವನ್ನು ನೋಡಿ: ಗರಿಷ್ಠ ಬಿಂದುವಿನ ಬಳಿ ತಾಪಮಾನ ಸ್ವಲ್ಪ ಹೆಚ್ಚುಕಡಿಮೆಯಾದರೂ ಸಾಂದ್ರತೆ ಬದಲಾಗುವುದಿಲ್ಲವೆನ್ನುವಷ್ಟು ಕಡಿಮೆ ಬದಲಾಗುತ್ತದೆ. ಮುಂದೆ 1901ರಲ್ಲಿ ಲೀಟರನ್ನು ಗರಿಷ್ಠ ಸಾಂದ್ರತೆಯ ಒಂದು ಕಿಲೋಗ್ರಾಂ ನೀರಿನ ಗಾತ್ರವೆಂದೇ ವ್ಯಾಖ್ಯಾನಿಸಿದರು. ಅದು ಘನ ಡೆಸಿಮೀಟರಿಗಿಂತ ಹತ್ತು ಲಕ್ಷದಲ್ಲಿ 28 ಪಾಲು ದೊಡ್ಡದೆಂದು ತಿಳಿದುಬಂದು, 1964ರಲ್ಲಿ ಆ ವ್ಯಾಖ್ಯಾನವನ್ನು ಕೈಬಿಟ್ಟರು. ಹಳೆಯ ಕಾಲೇಜುಗಳ ಕಪಾಟುಗಳಲ್ಲಿ ಆ ಕಾಲದ ಗಾಜಿನ ಸಾಮಾನು ಇನ್ನೂ ಇರಬಹುದು. ಆ 28 ಪಾಲಿನಿಂದ ಯಾರ ಟೈಟ್ರೇಶನ್ನೂ ಕೆಡುವುದಿಲ್ಲ.

ಈಗ ಗಾಳಿ. ತಕ್ಕಡಿಯ ಮೇಲಿಟ್ಟ ನೀರು ತನ್ನ ಗಾತ್ರದಷ್ಟು ಗಾಳಿಯನ್ನು ಸರಿಸಿ ನಿಂತಿದೆ, ಆದ್ದರಿಂದ ಸರಿಸಿದ ಗಾಳಿಯ ತೂಕದಷ್ಟು ಹಗುರಾಗಿ ತೋರುತ್ತದೆ. ತಕ್ಕಡಿಯನ್ನು ಹೊಂದಿಸಲು ಬಳಸಿದ, ಮಿಲಿಲೀಟರಿಗೆ 8.0 ಗ್ರಾಂ ಸಾಂದ್ರತೆಯ ಉಕ್ಕಿನ ಬಟ್ಟುಗಳೂ ಗಾಳಿಯಲ್ಲೇ ಇದ್ದವು, ಆದರೆ ಅವುಗಳ ಗಾತ್ರ ನೀರಿನ ಎಂಟನೆಯ ಒಂದು ಪಾಲು. ಉಳಿದ ಏಳು ಪಾಲಿನ ಲೆಕ್ಕವನ್ನು ನಾವು ಕೊಡಬೇಕು. 1824ರ ಬ್ರಿಟಿಷ್ ಕಾಯಿದೆಯು ಗ್ಯಾಲನನ್ನು ವ್ಯಾಖ್ಯಾನಿಸುವಾಗ, 62 ಡಿಗ್ರಿ ಫ್ಯಾರನ್‌ಹೀಟ್ ತಾಪದ, ಗಾಳಿಯಲ್ಲಿ ತೂಗಿದ ಹತ್ತು ಪೌಂಡ್ ಶುದ್ಧ ನೀರು ಎಂದು ಹೇಳಿ, ವಾಯುಭಾರಮಾಪಕ 30 ಅಂಗುಲದಲ್ಲಿರಬೇಕು ಎಂದೂ ಸೇರಿಸಿತ್ತು. ಗಾಳಿಯ ತೇಲುಬಲ ಕಾನೂನು ಬರೆದವರಿಗೆ ಅಷ್ಟು ಹಿಂದೆಯೇ ಗೊತ್ತಿತ್ತು. ಇಂದು ನಮ್ಮ ಎಷ್ಟೋ ನಮೂನೆಗಳಲ್ಲಿ ವಾಯುಒತ್ತಡದ ಖಾನೆಯೇ ಇಲ್ಲ.

ಬೆಂಗಳೂರಿನವರಿಗೆ ಇದು ಸಣ್ಣ ವಿಷಯವಲ್ಲ. ಪಠ್ಯಗಳು ಗಾಳಿಯ ಸಾಂದ್ರತೆಯನ್ನು ಘನ ಮೀಟರಿಗೆ 1.2 ಕಿಲೋಗ್ರಾಂ ಎಂದು ತೆಗೆದುಕೊಳ್ಳುತ್ತವೆ. ಅದು ಸಮುದ್ರಮಟ್ಟದ, 20 ಡಿಗ್ರಿಯ ಗಾಳಿ. ಮಂಗಳೂರಿನಲ್ಲಿ 27 ಡಿಗ್ರಿಯಲ್ಲಿ ಅದು ಸುಮಾರು 1.17 ಆಗುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಒತ್ತಡ 910 ಹೆಕ್ಟೊಪ್ಯಾಸ್ಕಲ್ ಆಸುಪಾಸಿನಲ್ಲಿದ್ದು, ಗಾಳಿಯ ಸಾಂದ್ರತೆ 1.05ರ ಹತ್ತಿರ ಇರುತ್ತದೆ. ನಮ್ಮ ಫ್ಲಾಸ್ಕಿಗೆ ಈ ವ್ಯತ್ಯಾಸದ ಬೆಲೆ 0.013 ಮಿಲಿಲೀಟರ್, ಅನುಮತಿತ ದೋಷದ ಎಂಟನೆಯ ಒಂದು ಭಾಗ. ಇನ್ನೊಂದು ಬಲೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಾಯುಭಾರಮಾಪಕ ಇಲ್ಲದವರು ಮೊಬೈಲಿನ ಹವಾಮಾನದ ಪುಟ ತೆರೆದು ಒತ್ತಡವನ್ನು ಬರೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಕುಳಿತು ನೋಡಿದರೂ ಅದು 1010, 1013 ಎಂದು ತೋರಿಸುತ್ತದೆ, ಏಕೆಂದರೆ ಹವಾಮಾನದವರು ಎಲ್ಲ ಊರುಗಳ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಪ್ರಕಟಿಸುತ್ತಾರೆ. ಹವಾಮಾನದ ನಕ್ಷೆಗೆ ಅದು ಸರಿ, ನಮ್ಮ ತಕ್ಕಡಿಗೆ ಅಲ್ಲ. ನಮಗೆ ಬೇಕಾದದ್ದು ತಕ್ಕಡಿ ಇರುವ ಕೋಣೆಯ ನಿಜವಾದ ಒತ್ತಡ. ಒಂದು ಸಮಾಧಾನವೆಂದರೆ, ಅದನ್ನು ಬಹಳ ನಿಖರವಾಗಿ ಅಳೆಯಬೇಕಿಲ್ಲ: 10 ಹೆಕ್ಟೊಪ್ಯಾಸ್ಕಲ್ ತಪ್ಪಾದರೂ ಈ ಫ್ಲಾಸ್ಕಿನಲ್ಲಿ ಬರುವ ಬದಲಾವಣೆ ಮಿಲಿಲೀಟರಿನ ಸಾವಿರದ ಒಂದು ಪಾಲು ಮಾತ್ರ.

ಮೂರನೆಯದು ಗಾಜು. ಬೋರೊಸಿಲಿಕೇಟ್ 3.3 ಗಾಜಿನ ಗಾತ್ರ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 9.9 ಪಾಲು ಹಿಗ್ಗುತ್ತದೆ. ಸೋಡಾ-ಲೈಮ್ ಗಾಜು ಸುಮಾರು 25ರಿಂದ 27 ಪಾಲು, ತುಕ್ಕುಹಿಡಿಯದ ಉಕ್ಕು ಸುಮಾರು 52, ಪ್ಲಾಸ್ಟಿಕ್ಕುಗಳು ನೂರುಗಟ್ಟಲೆ ಪಾಲು. 27 ಡಿಗ್ರಿಯಲ್ಲಿ ಅಳೆದ ಗಾತ್ರವನ್ನು 20 ಡಿಗ್ರಿಗೆ ತರುವುದೆಂದರೆ, ಪಾತ್ರೆ ತಣ್ಣಗಾದಾಗ ಎಷ್ಟು ಕುಗ್ಗುತ್ತದೆ ಎಂದು ಕಳೆಯುವುದು. ನಮ್ಮ ಫ್ಲಾಸ್ಕಿಗೆ ಅದು 0.007 ಮಿಲಿಲೀಟರ್. ಈ ಕೊನೆಯ ತಿದ್ದುಪಡಿಯಲ್ಲಿ ಕೂಡಬೇಕೋ ಕಳೆಯಬೇಕೋ ಎಂದು ಗೊಂದಲಪಡುವವರು ಬಹಳ ಮಂದಿ. ಸೂತ್ರವನ್ನು ಮರೆತು ಪಾತ್ರೆಯನ್ನು ನೆನೆಯಿರಿ: ಅಳೆದಾಗ ಬೆಚ್ಚಗಿತ್ತು, ಆದ್ದರಿಂದ ದೊಡ್ಡದಾಗಿತ್ತು, ಘೋಷಿಸಬೇಕಾದ ತಾಪದಲ್ಲಿ ಚಿಕ್ಕದು.

ಈಗ ಲೆಕ್ಕವನ್ನು ಮುಗಿಸೋಣ. ನೀರಿನ ಸಾಂದ್ರತೆಯಿಂದ ಗಾಳಿಯ ಸಾಂದ್ರತೆಯನ್ನು (ಮಿಲಿಲೀಟರಿಗೆ 0.00105 ಗ್ರಾಂ) ಕಳೆದರೆ 0.995466. ಗಾಳಿಯ ಸಾಂದ್ರತೆಯನ್ನು ಬಟ್ಟಿನ ಸಾಂದ್ರತೆಯಿಂದ ಭಾಗಿಸಿ ಒಂದರಿಂದ ಕಳೆದರೆ 0.999869. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ಬರುವ ಗುಣಕ 1.00442. ತಕ್ಕಡಿಯ 99.520ನ್ನು ಇದರಿಂದ ಗುಣಿಸಿದರೆ 27 ಡಿಗ್ರಿಯ ಗಾತ್ರ 99.960, ಗಾಜಿನ 0.007 ಕಳೆದರೆ 20 ಡಿಗ್ರಿಯ ಗಾತ್ರ 99.953 ಮಿಲಿಲೀಟರ್. ನೂರಕ್ಕೆ 0.047 ಕಡಿಮೆ, ಮಿತಿ 0.10, ಫ್ಲಾಸ್ಕು ತೇರ್ಗಡೆಯಾಯಿತು. ಒಟ್ಟು ತಿದ್ದುಪಡಿ 0.433 ಮಿಲಿಲೀಟರಿನಲ್ಲಿ ಯಾರ ಪಾಲೆಷ್ಟು ಎಂಬುದನ್ನೂ ನೋಡಿ: ನೀರಿನದು 0.348, ಗಾಳಿಯದು 0.092, ಗಾಜಿನದು ಅವೆರಡಕ್ಕೂ ವಿರುದ್ಧ ದಿಕ್ಕಿನಲ್ಲಿ 0.007. ತಾಪಮಾನದ ತಿದ್ದುಪಡಿ ಎಂದೊಡನೆ ಗಾಜು ಹಿಗ್ಗುವ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ, ಆದರೆ ಲೆಕ್ಕದಲ್ಲಿ ಅತ್ಯಂತ ಬಡಪಾಯಿ ಗಾಜೇ.

ಗಾಜಿನ ಮೇಲೆ ಬರೆದ ತಾಪದ ವಿಷಯವನ್ನೂ ಇಲ್ಲಿ ಹೇಳಬೇಕು. ಉದ್ದದ ಅಳತೆಗೆ 20 ಡಿಗ್ರಿಯನ್ನು ಆಧಾರ ತಾಪವೆಂದು 1931ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಳ್ಳಲಾಯಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಗಾಜಿನ ಅಳತೆಪಾತ್ರೆಗಳಿಗೆ ಬರೆದ ಮಾನಕಗಳಲ್ಲಿಯೂ ಆಧಾರ ತಾಪ 20 ಡಿಗ್ರಿಯೇ. ಆದರೆ ಅವುಗಳಲ್ಲೊಂದಾದ ಐಎಸ್‌ಒ 4787, 27 ಡಿಗ್ರಿಯನ್ನು ಅಳವಡಿಸಿಕೊಂಡ ದೇಶಗಳು 20ರ ಜಾಗದಲ್ಲಿ ಅದನ್ನು ಬಳಸಲು ಅವಕಾಶ ಕೊಡುತ್ತದೆ, ಮತ್ತು ಭಾರತೀಯ ಮಾನಕಗಳು ಬಹುಕಾಲದಿಂದ 27 ಡಿಗ್ರಿಯನ್ನು ಬಳಸುತ್ತ ಬಂದಿವೆ. ಹೀಗಾಗಿ ಒಂದೇ ಕಪಾಟಿನಲ್ಲಿ 27 ಎಂದು ಬರೆದ ದೇಶೀಯ ಫ್ಲಾಸ್ಕೂ 20 ಎಂದು ಬರೆದ ವಿದೇಶಿ ಫ್ಲಾಸ್ಕೂ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಬೋರೊಸಿಲಿಕೇಟ್ ಗಾಜಿನಲ್ಲಿ ಈ ಏಳು ಡಿಗ್ರಿಯ ಅಂತರಕ್ಕೆ ಹೆಚ್ಚು ಬೆಲೆಯಿಲ್ಲ. ಐದು ಲೀಟರಿನ ಉಕ್ಕಿನ ಮಾಪಕದಲ್ಲಿ ಅದು 1.8 ಮಿಲಿಲೀಟರ್ ಆಗುತ್ತದೆ, ಅಲ್ಲಿ ಅಲಕ್ಷಿಸುವಂತಿಲ್ಲ. ಯಾವ ಪಾತ್ರೆಯ ಮೇಲೆ ಯಾವ ತಾಪ ಬರೆದಿದೆಯೋ ಅದಕ್ಕೆ ತಂದು ಘೋಷಿಸಬೇಕು. ಪ್ರಯೋಗಾಲಯದ ಅಭ್ಯಾಸಕ್ಕೆ ತಕ್ಕಂತೆ ಎಲ್ಲವನ್ನೂ 20ಕ್ಕೆ ತರುವುದು ಸರಿಯಲ್ಲ.

ಇಲ್ಲಿಯವರೆಗೆ ಹೇಳಿದ್ದು ಲೆಕ್ಕ. ಇದನ್ನು ಈಗ ಎಲ್ಲರ ಗಣಕಯಂತ್ರದ ಹಾಳೆಗಳೂ ಮಾಡುತ್ತವೆ, ಬಹಳ ಮಟ್ಟಿಗೆ ಸರಿಯಾಗಿಯೇ ಮಾಡುತ್ತವೆ. ಆ ಹಾಳೆಗೆ ತುಂಬುವ ಒಂದು ಅಂಕಿ, ನೀರಿನ ತಾಪಮಾನ, ಎಲ್ಲಿಂದ ಬಂತು ಎಂಬುದೇ ನನ್ನ ಪ್ರಶ್ನೆ. ನೀರಿನ ತಾಪ ಒಂದು ಡಿಗ್ರಿ ತಪ್ಪಾದರೆ 100 ಮಿಲಿಲೀಟರ್ ಫ್ಲಾಸ್ಕಿನಲ್ಲಿ 0.027 ಮಿಲಿಲೀಟರ್ ತಪ್ಪು. ಅದು ಮಿತಿಯ ಕಾಲು ಭಾಗಕ್ಕಿಂತ ಹೆಚ್ಚು. ಒಂದು ಲೀಟರಿನ ಎ ದರ್ಜೆಯ ಫ್ಲಾಸ್ಕಿನಲ್ಲಿ 0.27, ಅಲ್ಲಿ ಮಿತಿ 0.40, ಮೂರರಲ್ಲಿ ಎರಡು ಭಾಗ ಆ ಒಂದು ಡಿಗ್ರಿಯಲ್ಲೇ ಕರಗಿಹೋಯಿತು. ಗಾಜಿನ ತಾಪ ಒಂದು ಡಿಗ್ರಿ ತಪ್ಪಾದರೆ ಆಗುವ ನಷ್ಟ ಇದರ ಇಪ್ಪತ್ತೇಳನೆಯ ಒಂದು ಭಾಗ. ಆದ್ದರಿಂದ ನಮ್ಮಲ್ಲಿರುವ ಅತ್ಯುತ್ತಮ ತಾಪಮಾಪಕ ಹೋಗಬೇಕಾದದ್ದು ನೀರಿಗೆ, ಗೋಡೆಗೆ ಅಲ್ಲ.

ತೆರೆದಿಟ್ಟ ಬೀಕರಿನಲ್ಲಿರುವ ನೀರು ಕೋಣೆಯ ತಾಪದಲ್ಲಿರುತ್ತದೆ ಎಂದು ನಾವು ಭಾವಿಸುತ್ತೇವೆ. ಅದು ಇರುವುದಿಲ್ಲ. ಆವಿಯಾಗುವ ನೀರು ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಬೇಸಿಗೆಯ ಒಣಗಾಳಿಯಲ್ಲಿ, ಅಥವಾ ಗಾಳಿಯನ್ನು ಒಣಗಿಸುವ ಹವಾನಿಯಂತ್ರಕ ನಡೆಯುತ್ತಿರುವ ಕೋಣೆಯಲ್ಲಿ, ಅದು ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಕೆಳಗೆ ನಿಲ್ಲುವುದು ಸಾಮಾನ್ಯ. ನಮ್ಮ ಫ್ಲಾಸ್ಕಿಗೇ ಮರಳಿ ಬನ್ನಿ. ನೀರು 27ರಲ್ಲಿದೆ, ಗೋಡೆಯ ತಾಪಮಾಪಕ 29 ಎನ್ನುತ್ತಿದೆ, ಹಾಳೆಗೆ 29 ಎಂದು ತುಂಬಿದೆವು. ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಲೆಕ್ಕ ಹಾಕಿದರೆ ಬರುವ ಉತ್ತರ 100.008 ಮಿಲಿಲೀಟರ್. ನಿಜವಾದ 99.953ಕ್ಕಿಂತ ಇದು ಎಷ್ಟು ಸುಂದರವಾಗಿದೆ ನೋಡಿ! ಇಂತಹ ತಪ್ಪನ್ನು ಯಾರೂ ಹಿಡಿಯುವುದಿಲ್ಲ. ಕೆಟ್ಟ ಫಲಿತಾಂಶ ಬಂದಾಗ ನಾವು ಮತ್ತೆ ತೂಗುತ್ತೇವೆ. ಒಳ್ಳೆಯ ಫಲಿತಾಂಶ ಬಂದಾಗ ಸಹಿ ಹಾಕುತ್ತೇವೆ.

ಹಾಗಾದರೆ ನೀರಿನ ತಾಪವನ್ನು ಎಲ್ಲಿ ಅಳೆಯಬೇಕು? ಫ್ಲಾಸ್ಕಿನಲ್ಲಿ ಗೆರೆಯವರೆಗೆ ತುಂಬಿದ ನೀರಿನಲ್ಲಿ, ತುಂಬಿದ ತೂಕವನ್ನು ತೆಗೆದುಕೊಂಡ ಕೂಡಲೇ. ತೂಗುವ ಮೊದಲು ಅದರೊಳಗೆ ತಾಪಮಾಪಕವನ್ನು ಅದ್ದಿದರೆ ಹನಿಗಳು ಅದಕ್ಕೆ ಅಂಟಿಕೊಂಡು ಹೊರಬರುತ್ತವೆ, ತೂಕ ಕೆಡುತ್ತದೆ. ಪಿಪೆಟ್ ಆಗಿದ್ದರೆ, ನೀರು ತುಂಬಿಕೊಳ್ಳುವ ಪಾತ್ರೆಯಲ್ಲಿ ಅಳೆಯಬೇಕು, ಏಕೆಂದರೆ ಪಿಪೆಟ್ಟಿನಿಂದ ತೂಗುವ ಲೋಟಕ್ಕೆ ಇಳಿದ ಸ್ವಲ್ಪ ನೀರು ಬೇಗನೆ ಬೇರೆ ತಾಪಕ್ಕೆ ಹೋಗಿಬಿಡುತ್ತದೆ. ತಾಪಮಾಪಕ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗವನ್ನು ತೋರಿಸಿದರೆ ಸಾಲದು. ಅದರ ಪ್ರಮಾಣಪತ್ರದಲ್ಲಿರುವ ತಿದ್ದುಪಡಿಯನ್ನೂ ಸೇರಿಸಬೇಕು. ಅಗ್ಗದ ಡಿಜಿಟಲ್ ತಾಪಮಾಪಕ ದಶಮಾಂಶದ ಅಂಕಿಯನ್ನು ಧೈರ್ಯವಾಗಿ ತೋರಿಸುತ್ತ ಒಂದು ಡಿಗ್ರಿಯಷ್ಟು ದೂರ ಇರಬಲ್ಲದು.

ಇದಕ್ಕಿಂತ ಮುಖ್ಯವಾದದ್ದು ಕಾಯುವಿಕೆ. ಶುದ್ಧ ನೀರನ್ನು ಯಂತ್ರದಿಂದ ಹಿಡಿದ ತಕ್ಷಣ ಬಳಸಬಾರದು. ಮುಚ್ಚಿದ ಪಾತ್ರೆಯಲ್ಲಿ, ಫ್ಲಾಸ್ಕುಗಳ ಜೊತೆಯಲ್ಲೇ, ತಕ್ಕಡಿಯ ಕೋಣೆಯಲ್ಲೇ ಹಿಂದಿನ ಸಂಜೆ ಇಟ್ಟುಬಿಡುವುದು ಅತ್ಯಂತ ಸುಲಭವಾದ ಮತ್ತು ಖರ್ಚಿಲ್ಲದ ತಾಪ ನಿಯಂತ್ರಣ. ಹಾಗೆ ಇಟ್ಟ ಮೇಲೆ ಹವಾನಿಯಂತ್ರಕವನ್ನು ಬೆಳಿಗ್ಗೆ ಕೆಲಸ ಆರಂಭಿಸುವಾಗ ಹಾಕಿದರೆ, ರಾತ್ರಿಯೆಲ್ಲ ಕಾದದ್ದು ವ್ಯರ್ಥವಾಗುತ್ತದೆ: ಗಾಳಿ ತಣ್ಣಗಾಗುತ್ತದೆ, ನೀರು ನಿಧಾನವಾಗಿ ಹಿಂಬಾಲಿಸುತ್ತದೆ, ಮಧ್ಯಾಹ್ನದವರೆಗೂ ಯಾವುದೂ ನೆಲೆಗೆ ನಿಲ್ಲುವುದಿಲ್ಲ. ಪರೀಕ್ಷೆಯ ಅವಧಿಯಲ್ಲಿ ತಾಪ ಅರ್ಧ ಡಿಗ್ರಿಗಿಂತ ಹೆಚ್ಚು ಅಲುಗಬಾರದು ಎಂಬ ಐಎಸ್‌ಒ 8655ರ ನಿಯಮ ಪಿಪೆಟ್ಟುಗಳಿಗೆ ಬರೆದದ್ದಾದರೂ ಎಲ್ಲರೂ ಅನುಸರಿಸಲು ಯೋಗ್ಯವಾದದ್ದು. ಕೋಣೆ 20 ಡಿಗ್ರಿಯಲ್ಲೇ ಇರಬೇಕೆಂದಿಲ್ಲ. ಸ್ಥಿರವಾದ 27 ಡಿಗ್ರಿ, ಅಲುಗಾಡುವ 20 ಡಿಗ್ರಿಗಿಂತ ಎಷ್ಟೋ ಮೇಲು. ವಿದ್ಯುತ್ ಬಿಲ್ಲಿನ ದೃಷ್ಟಿಯಿಂದಲೂ.

ತಾಪ ಸಮನಾಗದಿದ್ದರೆ ಇನ್ನೊಂದು ತೊಂದರೆಯಿದೆ, ಅದು ಯಾವ ಸೂತ್ರದಲ್ಲೂ ಕಾಣುವುದಿಲ್ಲ. ಕೋಣೆಗಿಂತ ಬೆಚ್ಚಗಿರುವ ಫ್ಲಾಸ್ಕನ್ನು ತಕ್ಕಡಿಯೊಳಗಿಟ್ಟರೆ ಅದರ ಮೈಗುಂಟ ಗಾಳಿ ಮೇಲಕ್ಕೇರುತ್ತದೆ, ಫ್ಲಾಸ್ಕು ನಿಜಕ್ಕಿಂತ ಹಗುರಾಗಿ ತೋರುತ್ತದೆ. ತಣ್ಣಗಿದ್ದರೆ ಗಾಳಿ ಕೆಳಕ್ಕಿಳಿದು ಭಾರವಾಗಿ ತೋರುತ್ತದೆ, ಜೊತೆಗೆ ತೇವವೂ ಅದರ ಮೇಲೆ ಕೂರಬಹುದು. ತಕ್ಕಡಿಯ ಅಂಕಿ ನಿಲ್ಲದೆ ಒಂದೇ ದಿಕ್ಕಿಗೆ ತೆವಳುತ್ತಿದ್ದರೆ ತಕ್ಕಡಿಯನ್ನು ಬೈಯಬೇಡಿ, ಫ್ಲಾಸ್ಕನ್ನು ಮುಟ್ಟಿ ನೋಡಿ. ಫ್ಲಾಸ್ಕನ್ನು ಅದರ ಹೊಟ್ಟೆಗೆ ಅಂಗೈಯಿಟ್ಟು ಹಿಡಿಯದೆ ಕತ್ತಿನಲ್ಲಿ, ಗೆರೆಯ ಮೇಲ್ಭಾಗದಲ್ಲಿ ಹಿಡಿಯಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕೇ.

ಮೈಕ್ರೊಪಿಪೆಟ್ಟುಗಳ ವಿಷಯದಲ್ಲಿ ಎರಡು ಮಾತು. ಅವುಗಳಲ್ಲಿ ದ್ರವವನ್ನು ಎಳೆಯುವುದು ಒಂದು ಗಾಳಿಯ ಕಂಬ. ಬಹಳ ಹೊತ್ತು ಕೈಯಲ್ಲಿ ಹಿಡಿದರೆ ಆ ಗಾಳಿ ಬೆಚ್ಚಗಾಗಿ ಹಿಗ್ಗುತ್ತದೆ. ಎತ್ತರದ ಊರಿನಲ್ಲಿ ಅದು ತೆಳುವಾಗಿರುವುದರಿಂದ ದ್ರವದ ಭಾರಕ್ಕೆ ಹೆಚ್ಚು ಜಗ್ಗುತ್ತದೆ, ಪಿಪೆಟ್ಟು ತುಸು ಕಡಿಮೆ ಎಳೆಯುತ್ತದೆ. ಇದು ಲೆಕ್ಕದ ತಿದ್ದುಪಡಿಯಲ್ಲ, ಉಪಕರಣದ ವರ್ತನೆಯಲ್ಲೇ ಆಗುವ ಬದಲಾವಣೆ. ಸಮುದ್ರಮಟ್ಟದಲ್ಲಿ ಹೊಂದಿಸಿ ಬಂದ ಪಿಪೆಟ್ಟನ್ನು ಬಳಸುವ ಊರಿನಲ್ಲೇ ಪರೀಕ್ಷಿಸಬೇಕು. ಪರೀಕ್ಷಿಸುವಾಗ ಗುಣಕಗಳ ಕೋಷ್ಟಕದಲ್ಲಿ 1013ರ ಸಾಲನ್ನಲ್ಲ, 907 ಹೆಕ್ಟೊಪ್ಯಾಸ್ಕಲ್‌ನ ಸಾಲನ್ನು ಬೆಂಗಳೂರಿನವರು ನೋಡಬೇಕು.

ದೊಡ್ಡ ಪಾತ್ರೆಗಳಿಗೆ ಬರೋಣ. ಅವುಗಳನ್ನು ತೂಗುವುದು ಕಷ್ಟ, ಆದ್ದರಿಂದ ಗಾತ್ರ ಗೊತ್ತಿರುವ ಒಂದು ಮಾನಕ ಪಾತ್ರೆಯಿಂದ ನೀರನ್ನು ಇನ್ನೊಂದಕ್ಕೆ ವರ್ಗಾಯಿಸುತ್ತೇವೆ. ಎರಡೂ ಒಂದೇ ಲೋಹದ್ದಾಗಿ, ಒಂದೇ ಆಧಾರ ತಾಪದ್ದಾಗಿ, ನೀರೂ ಪಾತ್ರೆಗಳೂ ಒಂದೇ ತಾಪದಲ್ಲಿದ್ದರೆ ತಿದ್ದುಪಡಿಗಳೆಲ್ಲ ಪರಸ್ಪರ ವಜಾ ಆಗುತ್ತವೆ. ತಾಪ ಎಷ್ಟೆಂಬುದೂ ಮುಖ್ಯವಲ್ಲ. ಈ ವಿಧಾನದ ಸೊಗಸು ಅದು. ಆದರೆ ವರ್ಗಾಯಿಸುವಾಗ ನೀರಿನ ತಾಪ ಬದಲಾದರೆ ಆ ಸೊಗಸು ಹಾಳಾಗುತ್ತದೆ, ಏಕೆಂದರೆ ಉಕ್ಕಿಗಿಂತ ಐದು ಪಟ್ಟು ಹೆಚ್ಚು ಹಿಗ್ಗುವ ನೀರು ಈಗ ಲೆಕ್ಕದೊಳಕ್ಕೆ ಬಂತು. ಆಗ ಮಾನಕ ಪಾತ್ರೆಯಲ್ಲಿ ಒಮ್ಮೆ, ಪರೀಕ್ಷೆಗೊಳಗಾದ ಪಾತ್ರೆಯಲ್ಲಿ ಇನ್ನೊಮ್ಮೆ ತಾಪವನ್ನು ಅಳೆಯದೆ ಗತ್ಯಂತರವಿಲ್ಲ.

12,000 ಲೀಟರಿನ ಟ್ಯಾಂಕರ್ ಲಾರಿಯೊಂದನ್ನು ತೆಗೆದುಕೊಳ್ಳಿ. ನೆಲದಡಿಯ ತೊಟ್ಟಿಯಿಂದ 25 ಡಿಗ್ರಿಯ ನೀರನ್ನು ಅಳೆದು ಅಳೆದು ಅದಕ್ಕೆ ತುಂಬುತ್ತೇವೆ. ಟ್ಯಾಂಕರು ಬಿಸಿಲಿನಲ್ಲಿ ನಿಂತಿದೆ, ತುಂಬುವಷ್ಟರಲ್ಲಿ ನೀರು 28 ಡಿಗ್ರಿಗೆ ಏರಿದೆ. ಮೂರು ಡಿಗ್ರಿಗೆ ನೀರು ಹಿಗ್ಗಿದ್ದು ಒಂಬತ್ತೂಮುಕ್ಕಾಲು ಲೀಟರ್. ನಾವು 12,000 ಎಂದು ಅಳತೆಕೋಲಿನ ಮೇಲೆ ಗುರುತು ಹಾಕಿದ ಜಾಗದಲ್ಲಿ ಟ್ಯಾಂಕರಿನಲ್ಲಿ ನಿಜವಾಗಿ ಇರುವುದು ಅಷ್ಟು ಹೆಚ್ಚು. ಅಂದಿನಿಂದ ಆ ಗುರುತು ಜಾರಿಯಲ್ಲಿರುವಷ್ಟು ಕಾಲ, ಪ್ರತಿ ಸಾಗಣೆಯಲ್ಲೂ ಒಬ್ಬರಿಗೆ ಒಂಬತ್ತೂಮುಕ್ಕಾಲು ಲೀಟರ್ ಲಾಭ, ಇನ್ನೊಬ್ಬರಿಗೆ ಅಷ್ಟೇ ನಷ್ಟ, ಇಬ್ಬರಿಗೂ ತಿಳಿಯದೆ. ಸಾದಾ ಉಕ್ಕಿನ ಟ್ಯಾಂಕರಿನ ಮೈ ಅದೇ ಮೂರು ಡಿಗ್ರಿಗೆ ಹಿಗ್ಗುವುದು ಒಂದೂಕಾಲು ಲೀಟರಿನಷ್ಟು. ಬೆಳಗಿನ ಜಾವ ಅಥವಾ ನೆರಳಿನಲ್ಲಿ ಈ ಕೆಲಸ ಮಾಡಬೇಕೆಂಬುದು ಕೆಲಸಗಾರರ ಅನುಕೂಲಕ್ಕಾಗಿ ಮಾತ್ರವಲ್ಲ.

ಪೆಟ್ರೋಲಿನ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ಅದು ಒಂದು ಡಿಗ್ರಿಗೆ ಸಾವಿರದಲ್ಲಿ 1.2 ಪಾಲು ಹಿಗ್ಗುತ್ತದೆ. ನೀರಿನ ನಾಲ್ಕು ಪಟ್ಟಿಗಿಂತ ಹೆಚ್ಚು. ಬಂಕಿನಲ್ಲಿರುವ ಐದು ಲೀಟರಿನ ಪರೀಕ್ಷಾ ಮಾಪಕದಲ್ಲಿ ಒಂದು ಡಿಗ್ರಿಗೆ 6 ಮಿಲಿಲೀಟರ್. ಅಲ್ಲಿ ಒಪ್ಪುವ ವ್ಯತ್ಯಾಸದ ಮಿತಿ 25 ಮಿಲಿಲೀಟರ್. ಎರಡು ಕಿಲೋಗ್ರಾಂ ತೂಕದ ಉಕ್ಕಿನ ಮಾಪಕವು ಬಿಸಿಲಿನಲ್ಲಿ 45 ಡಿಗ್ರಿಗೆ ಕಾದಿದ್ದು, ಅದಕ್ಕೆ 30 ಡಿಗ್ರಿಯ ಪೆಟ್ರೋಲನ್ನು ಹಿಡಿದರೆ, ಅವುಗಳ ಉಷ್ಣಧಾರಣೆಯ ಲೆಕ್ಕದ ಪ್ರಕಾರ ಪೆಟ್ರೋಲು ಒಂದೂಮುಕ್ಕಾಲು ಡಿಗ್ರಿಯಷ್ಟು ಬಿಸಿಯಾಗುತ್ತದೆ, ಸುಮಾರು 10 ಮಿಲಿಲೀಟರ್ ಹಿಗ್ಗುತ್ತದೆ. ಕಡಿಮೆ ಕೊಡುತ್ತಿರುವ ಪಂಪು ಆ ಹತ್ತು ಮಿಲಿಲೀಟರಿನ ಮರೆಯಲ್ಲಿ ತೇರ್ಗಡೆಯಾಗಬಹುದು. ಮೊದಲು ಒಮ್ಮೆ ತುಂಬಿ, ಸುರಿದು, ನಂತರ ಪರೀಕ್ಷೆಯ ಅಳತೆ ಹಿಡಿಯುವ ಪದ್ಧತಿಯನ್ನು ಪಾತ್ರೆ ತೇವಗೊಳಿಸಲು ಎಂದು ಮಾತ್ರ ವಿವರಿಸುತ್ತಾರೆ. ಮಾಪಕವನ್ನು ಪೆಟ್ರೋಲಿನ ತಾಪಕ್ಕೆ ತರುವುದೂ ಅದರ ಅಷ್ಟೇ ದೊಡ್ಡ ಉಪಕಾರ.

ಬೆಳಿಗ್ಗೆ ತಂಪಿನಲ್ಲಿ ಪೆಟ್ರೋಲ್ ಹಾಕಿಸಿದರೆ ಹೆಚ್ಚು ಸಿಗುತ್ತದೆಯೇ ಎಂದು ಈ ವಿಷಯ ಮಾತನಾಡಿದಲ್ಲೆಲ್ಲ ಒಬ್ಬರಾದರೂ ಕೇಳುತ್ತಾರೆ, ಆದ್ದರಿಂದ ಕೇಳುವ ಮೊದಲೇ ಉತ್ತರಿಸುತ್ತೇನೆ. ಇಂಧನ ನೆಲದಡಿಯ ಟ್ಯಾಂಕಿನಲ್ಲಿರುತ್ತದೆ, ಅಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ತಾಪದ ವ್ಯತ್ಯಾಸ ತೀರಾ ಕಡಿಮೆ. ಎರಡು ಡಿಗ್ರಿ ವ್ಯತ್ಯಾಸವಿದೆ ಎಂದು ಉದಾರವಾಗಿ ಒಪ್ಪಿಕೊಂಡರೂ ಹತ್ತು ಲೀಟರಿಗೆ 24 ಮಿಲಿಲೀಟರಿನ ಮಾತು. ಕೆನಡಾದಲ್ಲಿ ಅನೇಕ ಪಂಪುಗಳು ಮಾರಾಟದ ಗಾತ್ರವನ್ನು 15 ಡಿಗ್ರಿಗೆ ತಾವೇ ಪರಿವರ್ತಿಸಿ ತೋರಿಸುತ್ತವೆ. ನಮ್ಮಲ್ಲಿ ಗ್ರಾಹಕನಿಗೆ ಮಾರುವುದು ಆ ಹೊತ್ತಿನ ತಾಪದಲ್ಲಿರುವ ಗಾತ್ರವನ್ನೇ. ಟ್ಯಾಂಕರು ಬಂಕಿಗೆ ಬಂದಾಗ ಸಾಂದ್ರತೆಯನ್ನು 15 ಡಿಗ್ರಿಗೆ ತಂದು ದಾಖಲಿಸುವ ಪದ್ಧತಿ ಮಾತ್ರ ಇಲ್ಲಿಯೂ ಇದೆ, ಅದು ಕಲಬೆರಕೆಯನ್ನು ಗುರುತಿಸಲು.

ಪ್ರಮಾಣಪತ್ರದ ಬಗ್ಗೆ ಹೇಳಿ ಮುಗಿಸುತ್ತೇನೆ. 'ಗಾತ್ರ 99.953 ಮಿಲಿಲೀಟರ್' ಎಂದಷ್ಟೇ ಬರೆದ ಪತ್ರ ಅಪೂರ್ಣ. ಯಾವ ತಾಪಕ್ಕೆ ತಂದ ಗಾತ್ರ, ನೀರಿನ ತಾಪ ಎಷ್ಟಿತ್ತು, ಕೋಣೆಯ ನಿಜ ಒತ್ತಡ ಎಷ್ಟಿತ್ತು, ಪಾತ್ರೆಯ ವ್ಯಾಕೋಚನ ಗುಣಾಂಕವೆಂದು ಯಾವ ಸಂಖ್ಯೆಯನ್ನು ಬಳಸಿದೆ, ಇವಿಷ್ಟೂ ಅದರಲ್ಲಿರಬೇಕು. ಕೊನೆಯದನ್ನು ಬಹಳ ಮಂದಿ ಬಿಡುತ್ತಾರೆ. ಸೋಡಾ-ಲೈಮ್ ಗಾಜಿನ ಅಳತೆ ಸಿಲಿಂಡರಿಗೆ ಬೋರೊಸಿಲಿಕೇಟಿನ ಗುಣಾಂಕ ಬಳಸಿದ್ದರೆ, ಸಂಖ್ಯೆ ಬರೆದಿದ್ದಾಗ ಮಾತ್ರ ಮುಂದಿನವರು ಅದನ್ನು ಕಂಡುಹಿಡಿದು ಸರಿಪಡಿಸಬಲ್ಲರು. ಬರೆಯದಿದ್ದರೆ ಇಡೀ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. 20 ಡಿಗ್ರಿಗೆ ಪ್ರಮಾಣಿತವಾದ ಪಾತ್ರೆಯನ್ನು ನೀವು 30 ಡಿಗ್ರಿಯ ಕೋಣೆಯಲ್ಲಿ ಬಳಸುವುದಾದರೆ, ಪಾತ್ರೆಯ ಗಾತ್ರವನ್ನು ಅದೇ ಗುಣಾಂಕದಿಂದ ಹತ್ತು ಡಿಗ್ರಿ ಮೇಲಕ್ಕೆ ಒಯ್ಯಿರಿ. ಆದರೆ 20 ಡಿಗ್ರಿಯಲ್ಲಿ ತಯಾರಿಸಿಟ್ಟ ದ್ರಾವಣವನ್ನು 30ರಲ್ಲಿ ಬಳಸುವುದು ಬೇರೆಯೇ ಪ್ರಶ್ನೆ: ಅಲ್ಲಿ ಹಿಗ್ಗಿದ್ದು ದ್ರಾವಣ, ಅದರ ಸಾರತೆ ನೂರಕ್ಕೆ ಕಾಲು ಪಾಲಿನಷ್ಟು ಇಳಿದಿರುತ್ತದೆ, ಅದನ್ನು ಪಾತ್ರೆಯ ಪ್ರಮಾಣಪತ್ರ ಸರಿಪಡಿಸಲಾರದು, ದ್ರಾವಣದ ಬಾಟಲಿಯ ಮೇಲೆ ತಯಾರಿಸಿದ ದಿನಾಂಕದ ಪಕ್ಕದಲ್ಲಿ ತಯಾರಿಸಿದ ತಾಪವನ್ನೂ ಬರೆದಿಡಬೇಕು.